ಆರರಲ್ಲಿ ಐವರು

ಬಸ್ ನಿಲ್ದಾಣದ ಗೋಡೆ, ವಿದ್ಯುತ್ ಕಂಬ, ಕಾಲೇಜಿನ ಕಾಂಪೌಂಡು. ಇಲ್ಲೆಲ್ಲ ಅಂಟಿಸಿರುವ ಚೀಟಿಯನ್ನು ನೀವೂ ಓದಿರುತ್ತೀರಿ. ‘ಕೆಲಸಕ್ಕೆ ಹುಡುಗ ಹುಡುಗಿಯರು ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸು, ಫೇಲು ಯಾರಾದರೂ ಸರಿ. ಅನುಭವ ಬೇಕಿಲ್ಲ. ತಿಂಗಳಿಗೆ 25,000 ರೂಪಾಯಿ. ಊಟ, ವಸತಿ ಉಚಿತ.’ ಕೆಳಗೊಂದು ಮೊಬೈಲ್ ನಂಬರು. ಕಂಪನಿಯ ಹೆಸರಿಲ್ಲ. ಏನು ಕೆಲಸ ಎಂಬುದೂ ಇಲ್ಲ. ಈಗ ಇದೇ ಚೀಟಿ ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಬಣ್ಣ ಹಚ್ಚಿಕೊಂಡು ಬರುತ್ತಿದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಇತರರ ಹಣ ಎಣಿಸಿದವನು ನಾನು. ಹಾಗಾಗಿ ಇಂಥ ಚೀಟಿ ಕಂಡಾಗಲೆಲ್ಲ ಮೊದಲು ಹೊಳೆಯುವುದು ಒಂದೇ ಪ್ರಶ್ನೆ: ಈ 25,000 ರೂಪಾಯಿ ಯಾರ ಜೇಬಿನಿಂದ ಬರುತ್ತದೆ?

ಕಮಿಷನ್ ಮೇಲೆ ದುಡಿಯುವುದೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯದೇ ಉದಾಹರಣೆ ಇದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಬ್ಯಾಂಕಿನ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಡಾ. ಟಿ.ಎಂ.ಎ. ಪೈ ಅವರ ಹೆಸರಿನೊಂದಿಗೆ ನೆನಪಾಗುವ ಈ ಯೋಜನೆಯಿಂದ ಎಷ್ಟೋ ಬಡವರು ಮೊದಲ ಬಾರಿಗೆ ಪಾಸ್‌ಬುಕ್ ಕಂಡರು. ಆ ಏಜೆಂಟರಿಗೆ ಸಿಗುತ್ತಿದ್ದದ್ದು ಕಮಿಷನ್ನೇ. ಮಳೆಯಿರಲಿ, ಬಿಸಿಲಿರಲಿ, ಅಂಗಡಿಯಿಂದ ಅಂಗಡಿಗೆ ಸೈಕಲ್ ತುಳಿದು ಸಂಜೆ ನಮ್ಮಂಥವರ ಕೌಂಟರಿನ ಮುಂದೆ ಚಿಲ್ಲರೆ ಸುರಿಯುತ್ತಿದ್ದರು. ಇವರೂ ಕಾರ್ಮಿಕರೇ, ಇವರ ಕಮಿಷನ್ನೂ ಒಂದು ಬಗೆಯ ಕೂಲಿಯೇ ಎಂದು 2001ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಪಿಗ್ಮಿ ಏಜೆಂಟನ ಕಮಿಷನ್ ಬರುತ್ತಿದ್ದದ್ದು ಅವನು ಸಂಗ್ರಹಿಸಿದ ಹಣದ ಲೆಕ್ಕದ ಮೇಲೆ. ಅವನು ಇನ್ನೊಬ್ಬ ಏಜೆಂಟನನ್ನು ಹಿಡಿದು ತರಬೇಕಾಗಿರಲಿಲ್ಲ. ಆದರೆ ‘ಮಾರ್ಕೆಟಿಂಗ್ ಕೆಲಸ’ ಎಂಬ ಹೆಸರಿನಲ್ಲಿ ಇವತ್ತು ನಮ್ಮ ಮಕ್ಕಳನ್ನು ಸೆಳೆಯುವ ಕೆಲವು ಕಡೆ ಸಾಮಾನು ಮಾರುವುದು ನೆಪ ಮಾತ್ರ. ಅಲ್ಲಿ ಮಾರಾಟವಾಗುವುದು ಗೆಳೆಯರು, ನೆಂಟರು.

ಮೂರು ದಿನದ ತರಬೇತಿ

ನಮ್ಮ ಬೀದಿಯಲ್ಲೊಬ್ಬ ಹುಡುಗನಿದ್ದಾನೆ. ಬಿಕಾಂ ಎರಡನೇ ವರ್ಷ ಓದುತ್ತಿದ್ದಾಗ ಪಿಯುಸಿಯ ಗೆಳೆಯ ಫೋನ್ ಮಾಡಿ, ‘ಮಗಾ, ನಮ್ಮ ಆಫೀಸಲ್ಲಿ ಒಂದೇ ಒಂದು ಪೋಸ್ಟ್ ಖಾಲಿ ಇದೆ, ನಾಳೆನೇ ಬಾ’ ಎಂದನಂತೆ. ಹುಡುಗ ಬೆಂಗಳೂರಿಗೆ ಹೋದ. ಕಂಡದ್ದು ಆಫೀಸಲ್ಲ, ಮಹಡಿಯ ಮೇಲಿನ ಒಂದು ಹಾಲ್. ತುಂಬ ಅವನ ವಯಸ್ಸಿನವರೇ. ಕೋಟು ತೊಟ್ಟ ಒಬ್ಬ ವೇದಿಕೆ ಹತ್ತಿ, ‘ಎರಡು ವರ್ಷದ ಹಿಂದೆ ನಾನೂ ನಿಮ್ಮ ಹಾಗೇ ಕೂತಿದ್ದೆ, ಇವತ್ತು ನನ್ನ ಹತ್ತಿರ ಕಾರಿದೆ’ ಎಂದ. ಮಾತು ಮಾತಿಗೂ ಚಪ್ಪಾಳೆ. ಕೆಲಸ ಏನೆಂದು ಕೇಳಿದರೆ, ‘ಅದು ನಾಳೆ.’

ಮೂರನೆಯ ದಿನ ವಿಷಯ ಹೊರಬಿತ್ತು. ಸೇರಬೇಕಾದರೆ 30,000 ರೂಪಾಯಿ ಕಟ್ಟಿ ‘ಕಿಟ್’ ಕೊಳ್ಳಬೇಕು. ಅದೂ ಸಂಜೆ ಆರರೊಳಗೆ. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದದ್ದಕ್ಕೆ, ‘ನಿನ್ನ ಜೀವನದ ತೀರ್ಮಾನ ನೀನೇ ತಗೊಳ್ಳೋಕಾಗಲ್ವಾ? ನಿಮ್ಮಪ್ಪ ಎಷ್ಟು ಕೋಟಿ ದುಡಿದಿದ್ದಾರೆ?’ ಎಂದು ಎಲ್ಲರೆದುರಿಗೇ ಕೇಳಿದರಂತೆ. ಅವಮಾನಕ್ಕೆ ಹೆದರಿದ ಹುಡುಗ ಅಜ್ಜಿಗೆ ಫೋನ್ ಮಾಡಿ, ಹಾಸ್ಟೆಲಿಗೆ ಡಿಪಾಸಿಟ್ ಕಟ್ಟಬೇಕೆಂದ. ಅಜ್ಜಿ ಕೈಬಳೆ ಅಡವಿಟ್ಟು ಹಣ ಕಳಿಸಿದರು.

ಮರುದಿನ ಅವನ ಕೈಗೊಂದು ಖಾಲಿ ಪಟ್ಟಿ ಬಂತು. ಗೊತ್ತಿರುವ ನೂರು ಜನರ ಹೆಸರು ಬರೆಯಬೇಕು. ಫೋನಿನಲ್ಲಿ ಏನು ಮಾತಾಡಬೇಕೆಂಬುದೂ ಅಚ್ಚಾಗಿತ್ತು. ಅದರ ಮೊದಲ ಸಾಲು: ‘ನಮ್ಮ ಆಫೀಸಲ್ಲಿ ಒಂದೇ ಒಂದು ಪೋಸ್ಟ್ ಖಾಲಿ ಇದೆ.’ ತನ್ನನ್ನು ಕರೆದ ಗೆಳೆಯ ಓದಿದ್ದೂ ಇದೇ ಕಾಗದವನ್ನೇ ಎಂದು ಅವನಿಗೆ ಆಗ ತಿಳಿಯಿತು. ಆದರೂ ಅಜ್ಜಿಯ ಬಳೆ ಬಿಡಿಸಬೇಕಲ್ಲ! ಚಿಕ್ಕಪ್ಪನ ಮಗನನ್ನೂ ಬೆಂಚಿನ ಜೊತೆಗಾರನೊಬ್ಬನನ್ನೂ ಸೇರಿಸಿದ. ನಾಲ್ಕು ತಿಂಗಳಾದರೂ ಮೂರನೆಯವನು ಸಿಗಲಿಲ್ಲ. ಚಿಕ್ಕಪ್ಪ ಮನೆಗೆ ಬರುವುದನ್ನು ಬಿಟ್ಟರು.

ಮಕ್ಕಳೇ, ಪೆನ್ಸಿಲ್ ತೆಗೆಯಿರಿ

ಕೊನೆಗೆ ಆ ಹುಡುಗ ಕಾಗದಗಳ ಕಟ್ಟು ಹಿಡಿದು ನನ್ನ ಹತ್ತಿರ ಬಂದ. ‘ತಾತ, ಒಬ್ಬೊಬ್ಬ ಆರು ಜನರನ್ನು ಸೇರಿಸಿದರೆ ಸಾಕು, ಎಲ್ಲರೂ ಶ್ರೀಮಂತರಾಗುತ್ತಾರೆ ಅಂತ ಇದರಲ್ಲಿದೆ. ಈ ಲೆಕ್ಕ ಸರಿಯಾ?’ ಎಂದ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ನೀವೂ ಮಾಡಿ ನೋಡಿ, ಗುಣಾಕಾರ ಬಂದರೆ ಸಾಕು.

ಮೇಲೆ ಒಬ್ಬ. ಅವನ ಕೆಳಗೆ 6 ಜನ. ಆ ಆರು ಜನರ ಕೆಳಗೆ 36. ಮೂರನೆಯ ಸಾಲಿನಲ್ಲಿ 216, ನಾಲ್ಕನೆಯದರಲ್ಲಿ 1,296, ಐದನೆಯದರಲ್ಲಿ 7,776. ಹೀಗೆ ಆರರಿಂದ ಗುಣಿಸುತ್ತ ಹೋದರೆ ಹತ್ತನೆಯ ಸಾಲಿಗೆ ಎಷ್ಟು ಜನ ಬೇಕು ಗೊತ್ತೇ? 6,04,66,176. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಇದ್ದದ್ದು ಸುಮಾರು 6 ಕೋಟಿ 11 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಹೆಚ್ಚುಕಡಿಮೆ ಎಲ್ಲರನ್ನೂ ಆ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು! ಹನ್ನೆರಡನೆಯ ಸಾಲಿಗೆ ಭಾರತದ ಜನ ಸಾಲುವುದಿಲ್ಲ. ಹದಿಮೂರನೆಯದಕ್ಕೆ ಭೂಮಿಯ ಮೇಲಿನ ಮನುಷ್ಯರೇ ಸಾಲುವುದಿಲ್ಲ.

ಅಂದರೆ ಈ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಿಂತಾಗ ಏನಾಗುತ್ತದೆ? ಮೂರನೆಯ ಸಾಲಿಗೇ ನಿಂತಿತೆನ್ನಿ. ಒಟ್ಟು ಸೇರಿದವರು 259. ಅವರಲ್ಲಿ ಕೊನೆಯ ಸಾಲಿನವರು 216. ಹತ್ತನೆಯ ಸಾಲಿಗೆ ನಿಂತರೆ ಒಟ್ಟು 7,25,59,411 ಜನರಲ್ಲಿ 6,04,66,176 ಮಂದಿ ಕೊನೆಯ ಸಾಲಿನಲ್ಲಿ. ಭಾಗಿಸಿ ನೋಡಿ. ಎಲ್ಲಿ ನಿಂತರೂ ಹೆಚ್ಚುಕಡಿಮೆ ಆರರಲ್ಲಿ ಐವರು ಕೊನೆಯ ಸಾಲಿನವರೇ. ಅವರ ಕೆಳಗೆ ಯಾರೂ ಇಲ್ಲ, ಕೊಟ್ಟ ಹಣ ಹಿಂದಕ್ಕೆ ಬರುವ ದಾರಿಯಿಲ್ಲ. ಅವರು ಸೋಮಾರಿಗಳೆಂದಲ್ಲ, ದಡ್ಡರೆಂದೂ ಅಲ್ಲ. ಲೆಕ್ಕವೇ ಹಾಗಿದೆ.

‘ನೀನು ಸರಿಯಾಗಿ ಪ್ರಯತ್ನ ಪಟ್ಟಿಲ್ಲ’ ಎಂದು ನಾಲ್ಕು ತಿಂಗಳು ಬೈಸಿಕೊಂಡಿದ್ದ ಹುಡುಗ ಆ ಹಾಳೆಯನ್ನು ತುಂಬ ಹೊತ್ತು ನೋಡುತ್ತ ಕುಳಿತ.

ಕಾನೂನು ಏನು ಹೇಳುತ್ತದೆ

ಹೊಸ ಸದಸ್ಯರನ್ನು ಸೇರಿಸುವುದರ ಮೇಲೆ ಬೇಗ, ಸುಲಭವಾಗಿ ಹಣ ಬರುತ್ತದೆಂದು ಆಸೆ ತೋರಿಸುವ ಯೋಜನೆಗಳನ್ನು ನಮ್ಮ ದೇಶ 1978ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ನಡೆಸುವುದು ಮಾತ್ರವಲ್ಲ, ಗೊತ್ತಿದ್ದೂ ಸದಸ್ಯನಾಗುವುದು, ಭಾಗವಹಿಸುವುದು ಕೂಡ ತಪ್ಪು. ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಗೆಳೆಯರನ್ನು ಕರೆತರುವ ಹುಡುಗರು ಇದನ್ನು ಮುಖ್ಯವಾಗಿ ನೆನಪಿಡಬೇಕು.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆಂದೇ ನಿಯಮಗಳನ್ನು ತಂದಿತು. ಅವುಗಳ ಪ್ರಕಾರ ಮಾರಾಟಗಾರನಾಗಿ ಸೇರುವವನಿಂದ ಪ್ರವೇಶ ಶುಲ್ಕ ಪಡೆಯುವಂತಿಲ್ಲ. ಇನ್ನೊಬ್ಬನನ್ನು ಸೇರಿಸಿದ್ದಕ್ಕೇ ಹಣ ಕೊಡುವಂತಿಲ್ಲ. ಸೇರಿದ ಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯಲು ಕಾಲಾವಕಾಶ ಕೊಡಬೇಕು. ಮನೆಬಾಗಿಲಿಗೆ ಮಾರಲು ಬರುವವರ ಬಳಿ ಗುರುತಿನ ಚೀಟಿ ಇರಬೇಕು, ಮುಂಚಿತವಾಗಿ ತಿಳಿಸಿಯೇ ಬರಬೇಕು.

ಆದ್ದರಿಂದ ಕೆಲಸ ಹುಡುಕುವ ಅಣ್ಣ, ಅಕ್ಕಂದಿರು ಮನೆಯಲ್ಲಿದ್ದರೆ, ಮಕ್ಕಳೇ, ನೀವೇ ಅವರಿಗೆ ಈ ನಾಲ್ಕು ಪ್ರಶ್ನೆ ಬರೆದುಕೊಡಿ:

ಒಂದು, ನಾನು ಮಾರಬೇಕಾದ ವಸ್ತು ಯಾವುದು, ಅದನ್ನು ಹೊರಗಿನವರು ಈ ಬೆಲೆಗೆ ಕೊಳ್ಳುತ್ತಾರೆಯೇ?

ಎರಡು, ಒಬ್ಬರನ್ನೂ ಸೇರಿಸದೆ ಬರೀ ಮಾರಿದರೆ ತಿಂಗಳಿಗೆ ಎಷ್ಟು ಸಿಗುತ್ತದೆ?

ಮೂರು, ನೇಮಕಾತಿ ಪತ್ರ ಕೊಡುತ್ತೀರಾ? ಅದನ್ನು ಮನೆಗೆ ಒಯ್ದು ಎರಡು ದಿನ ಓದಬಹುದೇ?

ನಾಲ್ಕು, ನನ್ನಿಂದ ಹಣವನ್ನೋ ಮೂಲ ಅಂಕಪಟ್ಟಿಯನ್ನೋ ಯಾಕೆ ಕೇಳುತ್ತಿದ್ದೀರಿ?

ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಬೇಕು. ನಿಜವಾದ ಕೆಲಸ ಎರಡು ದಿನ ಕಾಯುತ್ತದೆ. ‘ಇವತ್ತೇ ಆಗಬೇಕು, ಮನೆಯವರಿಗೆ ಹೇಳಬೇಡ’ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ ಲೇಸು. ಹಣ ಕೊಟ್ಟಾಗಿದ್ದರೆ ರಸೀದಿ, ಮೆಸೇಜು ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಹತ್ತಿರದ ಪೊಲೀಸ್ ಠಾಣೆಯಂತೂ ಇದ್ದೇ ಇದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು

ಇಂಥ ಕಡೆ ಸಿಕ್ಕಿಬಿದ್ದ ಮಕ್ಕಳು ಬೇಗ ಹೊರಬರುವುದಿಲ್ಲ. ಹೋದ ಹಣಕ್ಕಿಂತ ಮನೆಯವರ ಮುಖ ನೋಡುವುದು ಹೇಗೆಂಬ ನಾಚಿಕೆ ಅವರನ್ನು ಅಲ್ಲೇ ಕಟ್ಟಿಹಾಕುತ್ತದೆ. ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ನಮ್ಮ ಒಂದು ಮಾತು ಸಾಕು, ಇನ್ನೂ ಆರು ತಿಂಗಳು ಅವರು ಅಲ್ಲೇ ಉಳಿಯಲು.

ನಮ್ಮ ಬೀದಿಯ ಆ ಅಜ್ಜಿ ಹಾಗೆ ಮಾಡಲಿಲ್ಲ. ಮೊಮ್ಮಗ ಎಲ್ಲವನ್ನೂ ಒಪ್ಪಿಕೊಂಡ ದಿನ, ‘ಬಳೆ ಹೋದರೆ ಹೋಗಲಿ, ಕೈಕಾಲು ತೊಳ್ಕೊಂಡು ಊಟಕ್ಕೆ ಬಾ’ ಎಂದರಂತೆ. ಆ ಊಟದ ಮೇಲೆ ಅವನಿಗೆ ಚಿಕ್ಕಪ್ಪನ ಮನೆ ಬಾಗಿಲು ತಟ್ಟುವ ಧೈರ್ಯ ಬಂತು. ತಾನು ಸೇರಿಸಿದ ಇಬ್ಬರಿಗೂ ಕ್ಯಾಲೆಂಡರಿನ ಲೆಕ್ಕ ತೋರಿಸಿ ಹೊರಗೆ ಕರೆತಂದ. ಈಗ ಕಾಲೇಜು ಮುಗಿಸಿಕೊಂಡು ಸಂಜೆ ಔಷಧಿ ಅಂಗಡಿಯೊಂದರಲ್ಲಿ ದುಡಿಯುತ್ತಾನೆ. ಸಂಬಳ ಕಡಿಮೆ, ಆದರೆ ತಿಂಗಳ ಮೊದಲ ವಾರ ತಪ್ಪದೆ ಕೈಗೆ ಬರುತ್ತದೆ. ಎರಡು ಬಳೆಯಲ್ಲಿ ಒಂದು ಬಿಡಿಸಿಯಾಗಿದೆ.

ರಜೆಯಲ್ಲಿ ಮೊಮ್ಮಕ್ಕಳು ಮನೆಗೆ ಬಂದಾಗ ಈ ಆರರ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ನಾವು ಬೇಡ ಅಂದರೆ ಕೇಳದ ವಯಸ್ಸು ಅವರಿಗೆ ಬರುತ್ತದೆ. ತಮ್ಮ ಕೈಯಾರೆ ಮಾಡಿದ ಲೆಕ್ಕವನ್ನು ಮಾತ್ರ ಅವರು ನಂಬುತ್ತಾರೆ.