ಗಣಿತದ ಅಭ್ಯಾಸ

ಶಾಲೆಯಲ್ಲಿ ಕಲಿಸುವ ವಿಷಯಗಳಲ್ಲಿ ಗಣಿತಕ್ಕೆ ಅಂಜುವಷ್ಟು ವಿದ್ಯಾರ್ಥಿಗಳು ಬೇರೆ ಯಾವುದಕ್ಕೂ ಅಂಜುವುದಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಂತೆಲ್ಲ ಈ ಅಂಜಿಕೆ ಇಮ್ಮಡಿಯಾಗುತ್ತದೆ. ಇದೊಂದು ವಿಷಯದಲ್ಲಿ ಸೋತು ಓದನ್ನೇ ತೊರೆದ ಹಳ್ಳಿಯ ಮಕ್ಕಳು ಇಲ್ಲದಿಲ್ಲ. ಆದರೆ ಅಂಜಿಕೆಯ ಮೂಲವಿರುವುದು ಬಹುಮಟ್ಟಿಗೆ ಗಣಿತದಲ್ಲಲ್ಲ. ಅದನ್ನು ಅಭ್ಯಾಸಮಾಡುವ ರೀತಿಯಲ್ಲಿ.

ಗಣಿತವು ಕಣ್ಣಿನಿಂದ ಓದಿ ಮುಗಿಸುವ ವಿದ್ಯೆಯಲ್ಲ. ಕೈಯಿಂದ ಮಾಡಿ ಕಲಿಯುವ ವಿದ್ಯೆ. ದೊಡ್ಡಬಳ್ಳಾಪುರವು ನೇಯ್ಗೆಗೆ ಹೆಸರಾದ ಊರು. ಮಗ್ಗದ ಮುಂದೆ ನಿಂತು ನೋಡಿದ ಮಾತ್ರಕ್ಕೆ ಯಾರೂ ನೇಕಾರರಾಗುವುದಿಲ್ಲ. ಹಾಸಿನ ಒಂದು ಎಳೆ ಕಡಿದರೆ, ಅದನ್ನು ಕಂಡು ಕೂಡಿಸುವವರೆಗೆ ಬಟ್ಟೆಯಲ್ಲಿ ದೋಷ ಮುಂದುವರಿಯುತ್ತದೆ. ಲೆಕ್ಕದ ಹಂತಗಳೂ ಅಂಥವೇ. ಒಂದು ಹಂತದಲ್ಲಿ ಚಿಹ್ನೆ ತಪ್ಪಿದರೆ ಕೊನೆಯ ಉತ್ತರದವರೆಗೂ ಆ ತಪ್ಪು ಸಾಗುತ್ತದೆ.

ಸೂತ್ರಗಳನ್ನು ಕಂಠಪಾಠ ಮಾಡಿದರಷ್ಟೇ ಸಾಲದು; ಅವುಗಳ ಕಾರಣವನ್ನು ಅರಿಯಬೇಕು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳಿ ಅವನು ಸುಮ್ಮನಾಗಲಿಲ್ಲ. ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವೆಂಬ ಕಾರಣವನ್ನೂ ಕೊಟ್ಟನು. ಕಾರಣ ತಿಳಿದವನಿಗೆ ಸೂತ್ರ ಮರೆತರೂ ದಾರಿ ಮರೆಯದು.

ಒಂದು ಉದಾಹರಣೆಯನ್ನು ನೋಡಬಹುದು. ಚಕ್ಕೋತಕ್ಕೆ ಪ್ರಸಿದ್ಧವಾದ ದೇವನಹಳ್ಳಿಯಲ್ಲಿ ಆಯತಾಕಾರದ ಒಂದು ತೋಟವಿದೆಯೆಂದು ಭಾವಿಸೋಣ. ಅದರ ಉದ್ದವು ಅಗಲಕ್ಕಿಂತ 5 ಮೀಟರ್ ಹೆಚ್ಚು. ವಿಸ್ತೀರ್ಣ 300 ಚದರ ಮೀಟರ್. ಅಗಲವನ್ನು ಅವ್ಯಕ್ತವಾಗಿಟ್ಟು ವರ್ಗಸಮೀಕರಣ ರಚಿಸಿ ಬಿಡಿಸಿದರೆ 15 ಮತ್ತು −20 ಎಂಬ ಎರಡು ಮೂಲಗಳು ದೊರೆಯುತ್ತವೆ. ಅಗಲವು ಋಣಸಂಖ್ಯೆಯಾಗಲಾರದು, ಆದುದರಿಂದ ಅಗಲ 15 ಮೀಟರ್, ಉದ್ದ 20 ಮೀಟರ್. ಇವೆರಡನ್ನೂ ಗುಣಿಸಿದರೆ 300 ಬರುತ್ತದೆ. ಉತ್ತರ ಸರಿಯೆಂದು ಹೇಳಲು ಪುಸ್ತಕದ ಕೊನೆಯ ಪುಟ ಬೇಕಾಗಿಲ್ಲ. ಲೆಕ್ಕವೇ ಅದನ್ನು ಹೇಳುತ್ತದೆ.

ಹೀಗೆ ತಾಳೆ ನೋಡುವುದು ಮಕ್ಕಳಿಗಷ್ಟೇ ವಿಧಿಸಿದ ನಿಯಮವಲ್ಲ. ವಿಲಿಯಂ ಲ್ಯಾಂಬ್ಟನ್ ಎಂಬ ಭೂಮಾಪಕನು 1802ರಲ್ಲಿ ಮದರಾಸಿನ ಬಳಿ ಸುಮಾರು 7.5 ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ತ್ರಿಭುಜದ ಒಂದು ಬಾಹುವೂ ಎರಡು ಕೋನಗಳೂ ತಿಳಿದರೆ ಉಳಿದ ಬಾಹುಗಳನ್ನು ಗಣಿಸಬಹುದಷ್ಟೆ. ಈ ತತ್ತ್ವವನ್ನು ಅನುಸರಿಸಿ, ತ್ರಿಭುಜಕ್ಕೆ ತ್ರಿಭುಜವನ್ನು ಜೋಡಿಸುತ್ತ, ಅವನ ತಂಡವು ಬೆಂಗಳೂರಿನವರೆಗೆ ಬಂದಿತು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು, ಗಣಿಸಿದ ಉದ್ದದೊಡನೆ ಹೋಲಿಸಿದರು. ಎರಡಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲಗಳು! ಅಷ್ಟು ದೊಡ್ಡ ಕಾರ್ಯವೂ ತಾಳೆ ನೋಡಿದ ಬಳಿಕವೇ ವಿಶ್ವಾಸಕ್ಕೆ ಅರ್ಹವಾಯಿತು.

ಪರೀಕ್ಷೆಯ ಸಿದ್ಧತೆಗೂ ಇದೇ ಮಾರ್ಗ. ವರ್ಷವೆಲ್ಲ ಬಿಟ್ಟು ಕೊನೆಯ ವಾರ ರಾತ್ರಿಯಿಡೀ ಎಚ್ಚರವಿರುವುದಕ್ಕಿಂತ, ದಿನಕ್ಕೆ ನಾಲ್ಕೈದು ಲೆಕ್ಕಗಳನ್ನು ಪುಸ್ತಕ ಮುಚ್ಚಿ ಮಾಡುವುದು ಲೇಸು. ತಪ್ಪಿದ ಲೆಕ್ಕವನ್ನು ಅಳಿಸಿಹಾಕದೆ, ಎಲ್ಲಿ ತಪ್ಪಿತೆಂದು ಗುರುತಿಸಿ ಮತ್ತೊಮ್ಮೆ ಮಾಡಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಾಲಮಿತಿಯೊಳಗೆ ಬಿಡಿಸುವುದು ಒಳ್ಳೆಯ ಅಭ್ಯಾಸ. ಮೌಲ್ಯಮಾಪನದಲ್ಲಿ ಹಂತಹಂತಕ್ಕೂ ಅಂಕಗಳಿರುತ್ತವೆ. ಆದ್ದರಿಂದ ಉತ್ತರ ಪೂರ್ಣವಾಗದಿದ್ದರೂ ತಿಳಿದಷ್ಟನ್ನು ಕ್ರಮವಾಗಿ ಬರೆಯಬೇಕು. ಸುಲಭವಾದ ಪ್ರಶ್ನೆಗಳನ್ನು ಮೊದಲು ಮುಗಿಸಿ, ಕೊನೆಯ ಕೆಲವು ನಿಮಿಷಗಳನ್ನು ತಾಳೆ ನೋಡುವುದಕ್ಕೆ ಮೀಸಲಿಡಬೇಕು.

ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಗುಣ ಮಾತ್ರ ಬಾಳಿನುದ್ದಕ್ಕೂ ಉಳಿಯುತ್ತದೆ. ಗಣಿತವು ಕಲಿಸುವ ನಿಜವಾದ ಪಾಠ ಅದೇ.