ಫ್ಲೂ ವೈರಸ್ಸನ್ನು ಪ್ರತಿಕಾಯ ತಡೆಯುವ ಬಗೆ: ತಪ್ಪು ಕಲ್ಪನೆ ಮತ್ತು ಸತ್ಯ

1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ, ಸೊಲ್ಲಾಪುರವೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದ ಲಕ್ಷಾಂತರ ಜನ ಸತ್ತಾಗ ಆ ರೋಗದ ವೈರಸ್ ಯಾರಿಗೂ ತಿಳಿದಿರಲಿಲ್ಲ. ಮನುಷ್ಯರಿಂದ ಅದನ್ನು ಬೇರ್ಪಡಿಸಿ ಗುರುತಿಸಿದ್ದು 1933ರಲ್ಲಿ. ಇಂದು ಅದರ ರಚನೆ ಸೂಕ್ಷ್ಮವಾಗಿ ತಿಳಿದಿದ್ದರೂ, ದೇಹ ಅದನ್ನು ಎದುರಿಸುವ ಬಗೆಯ ಕುರಿತು ಕೆಲವು ತಪ್ಪು ಕಲ್ಪನೆಗಳು ಉಳಿದಿವೆ.

ತಪ್ಪು ಕಲ್ಪನೆ: ಪ್ರತಿಕಾಯಗಳು ಜೀವಕೋಶದೊಳಗೆ ಹೊಕ್ಕು ವೈರಸ್ಸನ್ನು ಕೊಲ್ಲುತ್ತವೆ.

ಸತ್ಯ: ರೋಗಕಾರಕವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳಾದ ಪ್ರತಿಕಾಯಗಳು ಮುಖ್ಯವಾಗಿ ಕೋಶದ ಹೊರಗೇ ಕೆಲಸ ಮಾಡುತ್ತವೆ. ಫ್ಲೂ ವೈರಸ್ಸಿನ ಮೈಮೇಲಿರುವ ಹೀಮಗ್ಲುಟಿನಿನ್ ಎಂಬ ಮುಳ್ಳಿನಂಥ ಪ್ರೋಟೀನು ಶ್ವಾಸನಾಳದ ಕೋಶಗಳ ಮೇಲಿನ ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಘಟಕಕ್ಕೆ ಅಂಟಿಕೊಂಡಾಗಲೇ ಸೋಂಕು ಆರಂಭವಾಗುವುದರಿಂದ, ಈ ಮುಳ್ಳಿನ ತಲೆಭಾಗವನ್ನು ಮೊದಲೇ ಮುಚ್ಚಿಬಿಡುವ ಪ್ರತಿಕಾಯವು ವೈರಸ್ಸಿಗೆ ಕೋಶದ ಮೇಲೆ ನೆಲೆಯೇ ಸಿಗದಂತೆ ಮಾಡುತ್ತದೆ.

ತಪ್ಪು ಕಲ್ಪನೆ: ವೈರಸ್ ಕೋಶಕ್ಕೆ ಅಂಟಿಕೊಂಡ ಮೇಲೆ ಪ್ರತಿಕಾಯದಿಂದ ಪ್ರಯೋಜನವಿಲ್ಲ.

ಸತ್ಯ: ಅಂಟಿಕೊಂಡ ವೈರಸ್ಸನ್ನು ಕೋಶವು ಒಂದು ಪೊರೆಚೀಲದಲ್ಲಿ ಒಳಗೆಳೆದುಕೊಂಡಾಗ ಅಲ್ಲಿನ ಆಮ್ಲೀಯತೆಯಿಂದ ಹೀಮಗ್ಲುಟಿನಿನ್ ಆಕಾರ ಬದಲಿಸಿ, ವೈರಸ್ಸಿನ ಪೊರೆಯನ್ನು ಚೀಲದ ಪೊರೆಯೊಡನೆ ಬೆಸೆಯುತ್ತದೆ, ಆಗಲೇ ಅದರ ಎಂಟು ಆರ್‌ಎನ್‌ಎ ತುಣುಕುಗಳು ಹೊರಬಿದ್ದು ಕೋಶಕೇಂದ್ರವನ್ನು ಸೇರುತ್ತವೆ. ಮುಳ್ಳಿನ ಕಾಂಡಭಾಗಕ್ಕೆ ಮೊದಲೇ ಅಂಟಿಕೊಂಡಿದ್ದ ಪ್ರತಿಕಾಯವು ವೈರಸ್ಸಿನೊಂದಿಗೇ ಚೀಲ ಸೇರಿ, ಈ ಆಕಾರ ಬದಲಾವಣೆಯನ್ನು ತಡೆಯುತ್ತದೆ. ಹೊಸ ವೈರಸ್ಸುಗಳನ್ನು ಕೋಶದಿಂದ ಬಿಡಿಸುವ ನ್ಯೂರಮಿನಿಡೇಸ್ ಎಂಬ ಕಿಣ್ವವನ್ನು ತಡೆಯುವ ಪ್ರತಿಕಾಯಗಳೂ ಇದ್ದು, ಅವು ಸೋಂಕು ಪಕ್ಕದ ಕೋಶಗಳಿಗೆ ಹಬ್ಬುವುದನ್ನು ಕುಗ್ಗಿಸುತ್ತವೆ.

ತಪ್ಪು ಕಲ್ಪನೆ: ಒಮ್ಮೆ ಫ್ಲೂ ಬಂದುಹೋದರೆ ಜೀವನಪೂರ್ತಿ ರಕ್ಷಣೆ ಇರುತ್ತದೆ.

ಸತ್ಯ: ಪ್ರತಿಕಾಯಗಳು ಹೆಚ್ಚಾಗಿ ಗುರುತಿಸುವ ತಲೆಭಾಗವೇ ವೈರಸ್ಸಿನಲ್ಲಿ ಬೇಗ ಬದಲಾಗುವ ಭಾಗವೂ ಆಗಿರುವುದರಿಂದ, ಹಳೆಯ ಪ್ರತಿಕಾಯಗಳು ಹೊಸ ತಳಿಗೆ ಸರಿಯಾಗಿ ಅಂಟಿಕೊಳ್ಳದೆ ಹೋಗಬಹುದು. 2009ರಲ್ಲಿ ಹರಡಿದ, ಜನರು ಹಂದಿಜ್ವರವೆಂದು ಕರೆದ ಎಚ್1ಎನ್1 ತಳಿಯ ವಿರುದ್ಧ ಬಹುಪಾಲು ಯುವಜನರಲ್ಲಿ ತಕ್ಕ ಪ್ರತಿಕಾಯಗಳು ಇರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಭಾರತದ ಮೊದಲ ಸಾವು ಸಂಭವಿಸಿದ್ದು ಮಹಾರಾಷ್ಟ್ರದ ಪುಣೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆರಡು ಬಾರಿ ಲಸಿಕೆಯ ತಳಿಗಳನ್ನು ಪರಿಷ್ಕರಿಸುವುದೂ ವೈರಸ್ ಹೀಗೆ ಬದಲಾಗುತ್ತಿರುವ ಕಾರಣಕ್ಕೇ.

ತಪ್ಪು ಕಲ್ಪನೆ: ಲಸಿಕೆ ಹಾಕಿಸಿಕೊಂಡ ಕೂಡಲೇ ರಕ್ಷಣೆ ದೊರೆಯುತ್ತದೆ.

ಸತ್ಯ: ಸಾಕಷ್ಟು ಪ್ರತಿಕಾಯಗಳು ಸಿದ್ಧವಾಗಲು ಸುಮಾರು ಎರಡು ವಾರ ಬೇಕು. ಪಶ್ಚಿಮ ಭಾರತದಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಏರುವುದರಿಂದ, ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೋ ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೋ ಹೋಗುವ ವೃದ್ಧರು, ಗರ್ಭಿಣಿಯರು ಮತ್ತು ಮಧುಮೇಹ, ಉಬ್ಬಸಗಳುಳ್ಳವರು ವೈದ್ಯರ ಸಲಹೆ ಪಡೆದು ಕೆಲವು ವಾರ ಮೊದಲೇ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಲಸಿಕೆ ಸೋಂಕನ್ನು ಸಂಪೂರ್ಣವಾಗಿ ತಡೆಯದಿದ್ದರೂ ರೋಗ ಉಲ್ಬಣಿಸುವ ಅಪಾಯವನ್ನು ತಗ್ಗಿಸುತ್ತದೆ. ಪ್ರತಿಕಾಯದ ಮುಖ್ಯ ಬಲ ವೈರಸ್ಸಿಗಿಂತ ಮುಂಚೆ ದೇಹದಲ್ಲಿರುವುದರಲ್ಲೇ ಇದೆ.