ಉಳಿದದ್ದು ಯಾರಿಗೆ?

ಕನ್ಯಾನದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. 2023ರ ಡಿಸೆಂಬರಿನಲ್ಲಿ ಆ ಮೂಲೆಗೆ ಮನೆಮಂದಿಯೆಲ್ಲ ಬಂದು ಕೂತಿದ್ದರು. ‘ಮಾಸ್ಟರ್‌ಶೆಫ್ ಇಂಡಿಯಾ’ ಅಡುಗೆ ಸ್ಪರ್ಧೆಯ ಎಂಟನೆಯ ಆವೃತ್ತಿ ಆ ಸಲ ಟಿವಿ ಬಿಟ್ಟು ಸೋನಿ ಲಿವ್ ಆ್ಯಪ್‌ಗೆ ಹೋಗಿತ್ತು. ಲೋಟಕ್ಕೆ ಒರಗಿಸಿಟ್ಟ ಮೊಬೈಲನ್ನೇ ನೋಡುತ್ತಿದ್ದ ದೊಡ್ಡಮ್ಮ ಕೇಳಿದರು: “ಅಲ್ಲ ಮಾರಾಯ, ಆ ತೀರ್ಪುಗಾರರು ಒಂದು ಚಮಚ ತಿಂದು ಹೋದರಲ್ಲ, ಉಳಿದದ್ದು ಯಾರಿಗೆ?”

ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಬೈಸಿಕೊಂಡು ಬೆಳೆದವ ನಾನು. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅಡುಗೆಯನ್ನು ಹೀಗೆ ಪಂದ್ಯವಾಗಿಸಿದ್ದು ಸಿನಿಮಾದವರು. ಬ್ರಿಟಿಷ್ ಚಿತ್ರನಿರ್ದೇಶಕ ಫ್ರಾಂಕ್ ರಾಡಮ್ ಹುಟ್ಟುಹಾಕಿದ ‘ಮಾಸ್ಟರ್‌ಶೆಫ್’ 1990ರಲ್ಲಿ ಬಿಬಿಸಿಯಲ್ಲಿ ಬಂತು. 1993ರಲ್ಲಿ ಜಪಾನಿನ ‘ಐರನ್ ಶೆಫ್’ ಅಡುಗೆಮನೆಗೆ ಸ್ಟೇಡಿಯಂ ಎಂದೇ ಹೆಸರಿಟ್ಟಿತು. ಅದೇ ವರ್ಷ ನಮ್ಮ ಟಿವಿಯಲ್ಲಿ ಅಡುಗೆ ಹೇಳಿಕೊಡುವ ‘ಖಾನಾ ಖಜಾನಾ’ ಶುರುವಾಯಿತು. ಅಲ್ಲಿ ಸೋಲು ಗೆಲುವು ಇರಲಿಲ್ಲ, ನೋಡುವವರ ಕೈಯಲ್ಲಿ ಬರೆದುಕೊಳ್ಳಲು ಪೆನ್ಸಿಲ್ ಇತ್ತು. ‘ಮಾಸ್ಟರ್‌ಶೆಫ್’ನ 2009ರ ಆಸ್ಟ್ರೇಲಿಯಾ ಆವೃತ್ತಿ ಎದೆ ನಡುಗಿಸುವ ಸಂಗೀತ, ಕಣ್ಣೀರು ಎಲ್ಲ ಬೆರೆಸಿತು. ಮರುವರ್ಷ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ಭಾರತದ ಆವೃತ್ತಿಗೆ ಅಕ್ಷಯ್ ಕುಮಾರ್ ತೀರ್ಪುಗಾರನಾದ. ಗೆದ್ದವರು ಲಖನೌದ ಶಿಕ್ಷಕಿ ಪಂಕಜ್ ಭದೌರಿಯಾ. ಪೆನ್ಸಿಲ್ ಎಲ್ಲೋ ಕಳೆದುಹೋಯಿತು.

ನಡುವಿನ ಆವೃತ್ತಿಗಳನ್ನು ಅರ್ಧಂಬರ್ಧ ನೋಡಿ ಬೈದವ ನಾನು. ಆ ಎಂಟನೆಯ ಸಲ ಕೂತದ್ದು ಮೊಹಮ್ಮದ್ ಆಶಿಕ್‌ಗಾಗಿ. ಆಗ ಮಂಗಳೂರಿನ 24ರ ಹುಡುಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಆಸೆಗೆ ದುಡ್ಡು ಅಡ್ಡ ಬಂದು ‘ಕುಲುಕ್ಕಿ ಹಬ್’ ಎಂಬ ಜ್ಯೂಸ್ ಅಂಗಡಿ ಇಟ್ಟವ. ಕೇರಳದ ಗಡಿಗೆ ಅಂಟಿಕೊಂಡ ನಮಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ: ಲಿಂಬೆ, ಕಾಮಕಸ್ತೂರಿ ಬೀಜ, ಸೀಳಿದ ಹಸಿಮೆಣಸು, ಲೋಟದ ಬಾಯಿಗೆ ಲೋಟ ಕವುಚಿ ಕುಲುಕುವುದು. ಹಿಂದಿನ ಆವೃತ್ತಿಯಲ್ಲಿ ಬೇಡವೆನಿಸಿಕೊಂಡವ ಮತ್ತೆ ಹೋಗಿ ಗೆದ್ದ, 25 ಲಕ್ಷ ರೂಪಾಯಿ ತಂದ. ಹಿಂದಿ ಬಾರದ ದೊಡ್ಡಮ್ಮನೂ ಚಪ್ಪಾಳೆ ತಟ್ಟಿದರು.

ಖುಷಿಯೇನೋ ಖುಷಿಯೇ. ಆದರೆ ನನ್ನ ಜಗಳ ಆ ಸ್ಪರ್ಧೆಯ ಗಡಿಯಾರದ ಜತೆ. ಗುಜ್ಜೆ, ಅಂದರೆ ಎಳೆ ಹಲಸು, ಕೊಚ್ಚಲು ಕೂತರೆ ಕೈಗೆ ತೆಂಗಿನೆಣ್ಣೆ ಸವರಿ, ಮೇಣ ಒರೆಸಿ ಮುಗಿಸುವಾಗಲೇ ಅವರ ಗಂಟೆ ಬಾರಿಸಿರುತ್ತದೆ. ಪತ್ರೊಡೆಯ ಅಕ್ಕಿ ನೆನೆಯಬೇಕು, ಅರೆಯಬೇಕು, ಕೆಸುವಿನ ಎಲೆಗೆ ಹಚ್ಚಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಅವಸರದವರಿಗೆ ಹೇಳಿಸಿದ ತಿಂಡಿಯಲ್ಲ. ಅಜ್ಜ ಬದುಕಿದ್ದಾಗ ನಮ್ಮಲ್ಲೂ ತೀರ್ಪುಗಾರರಿದ್ದರು. ಇಡೀ ಊಟ ಮುಗಿಸಿ, ಕೈ ತೊಳೆದು ಬಂದು, “ಉಪ್ಪು ಒಂದು ಹರಳು ಮುಂದೆ ಉಂಟು” ಎನ್ನುತ್ತಿದ್ದರು. ಅಷ್ಟೇ.

ನಮ್ಮ ಕಡೆಯ ಹಲಸು ಮೇಳಗಳ ಸ್ಪರ್ಧೆ ನನಗೆ ಇಷ್ಟವಾಗುವುದೂ ಅದಕ್ಕೇ. ಹೆಂಗಸರು ಮನೆಯಲ್ಲೇ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತರುತ್ತಾರೆ. ಬಹುಮಾನ ಯಾರಿಗೆಂದು ಮೈಕಿನಲ್ಲಿ ಕೂಗುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿರುತ್ತದೆ.

ಮುಂದಿನ ಆವೃತ್ತಿ ಮಾಡುವವರಲ್ಲಿ ದೊಡ್ಡಮ್ಮನ ಪರವಾಗಿ ಒಂದು ಕೋರಿಕೆ: ಅಳುವ ದೃಶ್ಯದಲ್ಲಿ ಒಂದು ನಿಮಿಷ ಕಡಿಮೆ ಮಾಡಿ, ಆ ತಟ್ಟೆಯಲ್ಲಿ ಉಳಿದದ್ದನ್ನು ಯಾರು ಉಣ್ಣುತ್ತಾರೆಂದು ತೋರಿಸಿ.